ಚಾರ್ಜಿಗಿಟ್ಟ ಕಾವಲುಗಾರ

ಹೋದ ವರ್ಷದ ಆಷಾಢದಲ್ಲಿ ನಮ್ಮಪ್ಪ ಬಚ್ಚಲಲ್ಲಿ ಜಾರಿ ಬಿದ್ದರು.

ತೀರ್ಥಹಳ್ಳಿ ಕಡೆಯ ಹಳೇ ಮನೆ ನಮ್ಮದು. ಬಚ್ಚಲು ಮನೆಯ ಹಿಂದಿದೆ, ಅಡುಗೆಮನೆ ದಾಟಿ ಎರಡು ಮೆಟ್ಟಿಲು ಇಳಿದು ಹೋಗಬೇಕು. ಅಪ್ಪ ರಾತ್ರಿ ಮೂರು ಗಂಟೆಗೆ ಎದ್ದು ಹೋದವರು ಅಲ್ಲೇ ಬಿದ್ದಿದ್ದಾರೆ. ಬಲಗೈ ಊರಲು ಆಗುತ್ತಿಲ್ಲ, ನೆಲ ಒದ್ದೆ, ಏಳಲಾಗಿಲ್ಲ. ಹೊರಗೆ ಧೋ ಅಂತ ಮಳೆ. ಅಮ್ಮ ಐದೂವರೆಗೆ ಹಂಡೆಗೆ ಉರಿ ಹಾಕಲು ಹೋದಾಗಲೇ ಗೊತ್ತಾಗಿದ್ದು. ಎಪ್ಪತ್ತೊಂದು ವರ್ಷದ ಮನುಷ್ಯ ಎರಡೂವರೆ ಗಂಟೆ ತಣ್ಣನೆಯ ಕಲ್ಲಿನ ಮೇಲೆ ಬಿದ್ದಿದ್ದರು. ಮಣಿಕಟ್ಟು ಮುರಿದಿತ್ತು. ಸೊಂಟದ ಮೂಳೆ ಉಳಿದಿದ್ದು ನಮ್ಮ ಪುಣ್ಯ.

ಇದರಲ್ಲಿ ಇನ್ನೊಂದು ವಿಷಯ ಇದೆ. ಬಿದ್ದರೆ ತಾನಾಗೇ ಫೋನ್ ಮಾಡುವ ವಾಚೊಂದನ್ನು ಅದಕ್ಕೂ ನಾಲ್ಕು ತಿಂಗಳ ಮೊದಲೇ ಅಪ್ಪನಿಗೆ ಕೊಡಿಸಿದ್ದೆ. ಅವತ್ತು ಅದು ನಡುಮನೆಯ ಸ್ವಿಚ್ ಬೋರ್ಡಿನ ಹತ್ತಿರ ಚಾರ್ಜಿಗೆ ಕೂತಿತ್ತು. "ರಾತ್ರಿ ಮಲಗೋವಾಗ ಬಿಚ್ಚಿ ಚಾರ್ಜಿಗಿಡಿ" ಅಂತ ಅಪ್ಪನಿಗೆ ಹೇಳಿಕೊಟ್ಟವನು ನಾನೇ. ನನ್ನ ವಾಚನ್ನು ನಾನು ಹಾಗೇ ಮಾಡುವುದಲ್ವಾ, ಅದಕ್ಕೆ.

ಆಮೇಲೆ ಸುಮಾರು ದಿನ ನಿದ್ದೆ ಬರಲಿಲ್ಲ. ಸಾಫ್ಟ್‌ವೇರಿನವನ ಬುದ್ಧಿ ನೋಡಿ, ಎಲ್ಲಿ ಬಗ್ ಇದೆ ಅಂತ ಹುಡುಕಲು ಕೂತೆ. ಹುಡುಕುತ್ತಾ ಹೋದರೆ ಈ ಸಾಧನಗಳಿಗೆ ಐವತ್ತು ವರ್ಷದ ಇತಿಹಾಸವೇ ಇದೆ, ಮತ್ತು ಆ ಐವತ್ತು ವರ್ಷವೂ ಅದೇ ಬಗ್ ಇದೆ! ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

*

ಮೊದಲು, ಬೀಳುವುದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ನೋಡೋಣ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಿಂದಿನ ಕಾಲದಲ್ಲಿ ವಯಸ್ಸಾದವರ ತೊಡೆಮೂಳೆಯ ಕತ್ತು ಮುರಿದರೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿ. ಹಾಸಿಗೆ ಹಿಡಿದವರಿಗೆ ಹುಣ್ಣು, ಕಫ, ನ್ಯುಮೋನಿಯಾ. ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಎಂಬ ಸರ್ಜನ್ ಮುರಿದ ಕತ್ತಿನೊಳಗೆ ಮೂರು ರೆಕ್ಕೆಯ ಲೋಹದ ಮೊಳೆ ಹೊಡೆದು ಕೂರಿಸುವ ವಿಧಾನವನ್ನು 1931ರಲ್ಲಿ ಪ್ರಕಟಿಸಿದ ಮೇಲೆಯೇ ಇಂಥವರನ್ನು ಬೇಗ ಎಬ್ಬಿಸಿ ಕೂರಿಸಲು ಒಂದು ದಾರಿ ಸಿಕ್ಕಿದ್ದು.

ಆದರೆ ಮೂಳೆ ಮುರಿಯದಿದ್ದರೂ ಅಪಾಯ ಇದ್ದೇ ಇದೆ. 1981ರಲ್ಲಿ ಬ್ರಿಟನ್ನಿನ ವೈದ್ಯ ಬರ್ನಾರ್ಡ್ ಐಸಾಕ್ಸ್ ಮತ್ತು ಜೊತೆಗಾರರು ಮನೆಯಲ್ಲಿ ಬಿದ್ದ ವೃದ್ಧರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಬಿದ್ದ ಮೇಲೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನೆಲದ ಮೇಲೇ ಇದ್ದವರಲ್ಲಿ ಅರ್ಧದಷ್ಟು ಜನ ಆರು ತಿಂಗಳೊಳಗೆ ತೀರಿಹೋಗಿದ್ದರು! 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಇನ್ನೊಂದು ಲೆಕ್ಕ ಬಂತು. ಮನೆಯಲ್ಲಿ ಅಸಹಾಯಕರಾಗಿ ಸಿಕ್ಕವರ ಪೈಕಿ ಒಂದು ಗಂಟೆಯೊಳಗೆ ನೆರವು ಸಿಕ್ಕವರಲ್ಲಿ ಸತ್ತವರು ಶೇಕಡ 12. ಮೂರು ದಿನಕ್ಕಿಂತ ಹೆಚ್ಚು ಬಿದ್ದಿದ್ದವರಲ್ಲಿ ಶೇಕಡ 67. ಹಾಗೆ ಬಿದ್ದೇ ಇರುವವರು ಮೊದಲೇ ಹೆಚ್ಚು ನಿಶ್ಶಕ್ತರಾಗಿರುತ್ತಾರೆ ಅನ್ನುವುದೂ ನಿಜ. ಆದರೂ ಈ ಅಂಕಿ ಓದಿದಾಗ ಅಪ್ಪನ ಎರಡೂವರೆ ಗಂಟೆ ನೆನಪಾಗಿ ಮೈ ಜುಂ ಅಂದಿತು.

ಅಂದರೆ ಸಮಸ್ಯೆ ಎರಡು. ಬಿದ್ದಾಗ ಪೆಟ್ಟಾಗದಂತೆ ತಡೆಯುವುದು, ಬಿದ್ದ ಮೇಲೆ ಬೇಗ ಯಾರಿಗಾದರೂ ತಿಳಿಸುವುದು. ಎರಡಕ್ಕೂ ಮೈಮೇಲೆ ಧರಿಸುವ ಸಾಧನಗಳು ಬಂದವು.

*

ಮೊದಲು ಬಂದದ್ದು ತಿಳಿಸುವ ಸಾಧನ. 1970ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ವಿಲ್ಹೆಲ್ಮ್ ಹೋರ್ಮನ್ ಮನೆಯ ಟೆಲಿಫೋನಿಗೆ ಜೋಡಿಸುವ ತುರ್ತು ಕರೆಯ ವ್ಯವಸ್ಥೆ ಮಾಡಿದರು. ಅಮೆರಿಕದಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆಂಡ್ರ್ಯೂ ಡಿಬ್ನರ್ 1974ರಲ್ಲಿ ಲೈಫ್‌ಲೈನ್ ಕಂಪನಿ ಶುರುಮಾಡಿದರು. ಕತ್ತಿನಲ್ಲೋ ಮಣಿಕಟ್ಟಿನಲ್ಲೋ ಒಂದು ಗುಂಡಿ. ಒತ್ತಿದರೆ ರೇಡಿಯೋ ಸಂಕೇತ ಮನೆಯ ಫೋನಿನ ಪಕ್ಕದ ಪೆಟ್ಟಿಗೆಗೆ ಹೋಗುತ್ತದೆ, ಪೆಟ್ಟಿಗೆ ತಾನೇ ಡಯಲ್ ಮಾಡುತ್ತದೆ. ಮೊಬೈಲೇ ಇಲ್ಲದ ಕಾಲದಲ್ಲಿ ಎಂಥಾ ಯೋಚನೆ!

1980ರ ದಶಕದ ಕೊನೆಯಲ್ಲಿ ಲೈಫ್‌ಕಾಲ್ ಎಂಬ ಇನ್ನೊಂದು ಕಂಪನಿಯ ಟಿವಿ ಜಾಹೀರಾತು ಬಂತು. ಅಜ್ಜಿಯೊಬ್ಬಳು ಸ್ನಾನದ ಮನೆಯಲ್ಲಿ ಬಿದ್ದು, ಏಳಲಾಗುತ್ತಿಲ್ಲ ಅಂತ ಕೂಗುತ್ತಾಳೆ. ಆ ನಟನೆ ಎಷ್ಟು ಅತಿಯಾಗಿತ್ತೆಂದರೆ ಆ ಮಾತು ಇಡೀ ಅಮೆರಿಕಕ್ಕೇ ಜೋಕಾಗಿಬಿಟ್ಟಿತು. ಹಾಸ್ಯ ಕಾರ್ಯಕ್ರಮಗಳಲ್ಲಿ, ಟೀ ಶರ್ಟುಗಳ ಮೇಲೆ ಎಲ್ಲಾ ಅದೇ. ಗುಂಡಿಗೆ ಪ್ರಚಾರ ಸಿಕ್ಕಿತು ಸರಿ, ಆದರೆ ಲೋಕ ನಗುವ ವಸ್ತುವನ್ನು ಯಾವ ಅಜ್ಜಿ ಖುಷಿಯಿಂದ ಕತ್ತಿಗೆ ಹಾಕಿಕೊಂಡಾಳು ಅಂತ ನನಗೆ ಅನ್ನಿಸುತ್ತದೆ.

ಇನ್ನು ಪೆಟ್ಟು ತಡೆಯುವ ಸಾಧನ. ಡೆನ್ಮಾರ್ಕಿನ ಲೌರಿಟ್ಸೆನ್ ಮತ್ತು ಜೊತೆಗಾರರು ಒಳಚಡ್ಡಿಯ ಎರಡೂ ಬದಿಗೆ ಗಟ್ಟಿ ಚಿಪ್ಪು ಕೂರಿಸಿ ಸೊಂಟಕ್ಕೆ ಕವಚ ಮಾಡಿದರು. ಕೋಪನ್‌ಹೇಗನ್ನಿನ ವೃದ್ಧಾಶ್ರಮವೊಂದರಲ್ಲಿ ಅದರ ಪರೀಕ್ಷೆ ನಡೆದು 1993ರಲ್ಲಿ ಫಲಿತಾಂಶ ಬಂತು. ಕವಚ ಕೊಟ್ಟ ಗುಂಪಿನಲ್ಲಿ ಸೊಂಟ ಮುರಿಯುವುದು ಅರ್ಧಕ್ಕಿಂತ ಕಡಿಮೆಯಾಗಿತ್ತು. ಆ ಗುಂಪಿನಲ್ಲೂ 8 ಜನರ ಮೂಳೆ ಮುರಿದಿತ್ತು. ಆದರೆ ಆ ಎಂಟೂ ಜನ ಬಿದ್ದ ಹೊತ್ತಿನಲ್ಲಿ ಕವಚ ಹಾಕಿಕೊಂಡೇ ಇರಲಿಲ್ಲ!

ಈ ಸಾಲು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಡುಮನೆಯಲ್ಲಿ ಚಾರ್ಜಿಗೆ ಕೂತ ವಾಚು ಕಣ್ಣ ಮುಂದೆ ಬಂತು.

2000ದಲ್ಲಿ ಫಿನ್ಲೆಂಡಿನಲ್ಲಿ 1,801 ಜನರ ಮೇಲೆ ಇನ್ನೂ ದೊಡ್ಡ ಪರೀಕ್ಷೆ ನಡೆದು, ಕವಚ ಕೊಟ್ಟವರಲ್ಲಿ 13 ಜನರ ಸೊಂಟ ಮುರಿಯಿತು. ಅದರಲ್ಲಿ 9 ಜನ ಆಗ ಕವಚ ಧರಿಸಿರಲಿಲ್ಲ. ಮುಂದೆ ಬಂದ ಅಧ್ಯಯನಗಳಲ್ಲಿ ಫಲಿತಾಂಶ ಇಷ್ಟು ಚೆನ್ನಾಗಿ ಬರಲಿಲ್ಲ. ವೃದ್ಧಾಶ್ರಮಗಳಲ್ಲಿ ಅಷ್ಟಿಷ್ಟು ಉಪಯೋಗ, ಸ್ವಂತ ಮನೆಗಳಲ್ಲಿರುವವರಿಗೆ ಹೆಚ್ಚುಕಮ್ಮಿ ಏನೂ ಇಲ್ಲ. ಮುಖ್ಯ ಕಾರಣ ಅದೇ. ಸೆಕೆ, ದಪ್ಪ, ರಾತ್ರಿ ಶೌಚಕ್ಕೆ ಹೋಗುವಾಗ ಬಿಚ್ಚುವ ಕಷ್ಟ. ಜನ ಹಾಕಿಕೊಳ್ಳುವುದಿಲ್ಲ.

*

ನನ್ನ ಕ್ಷೇತ್ರಕ್ಕೆ ಹತ್ತಿರದ ಕಥೆ ಮುಂದಿನದು. 1990ರ ದಶಕದ ಆರಂಭದಲ್ಲಿ ಅನಲಾಗ್ ಡಿವೈಸಸ್ ಕಂಪನಿ ಕಾರಿನ ಏರ್‌ಬ್ಯಾಗಿಗೋಸ್ಕರ ಒಂದು ಚಿಪ್ ಮಾಡಿತು. ಸಿಲಿಕಾನಿನಲ್ಲೇ ಕೆತ್ತಿದ ಸಣ್ಣ ತೂಕ, ಅದನ್ನು ಹಿಡಿದ ಸ್ಪ್ರಿಂಗು. ಕಾರು ಗುದ್ದಿದಾಗ ತೂಕ ಅಲುಗುತ್ತದೆ, ಅಲುಗಿದ್ದನ್ನು ವಿದ್ಯುತ್ತಿನಲ್ಲಿ ಅಳೆಯುತ್ತಾರೆ. ಇದೇ ಆಕ್ಸೆಲೆರೋಮೀಟರ್. ಅದೇ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥ ಸೆನ್ಸರನ್ನು ಸೊಂಟಕ್ಕೆ ಕಟ್ಟಿ, ಗುಂಡಿ ಒತ್ತದೆಯೇ ಬಿದ್ದಿದ್ದನ್ನು ಪತ್ತೆ ಮಾಡಲು ನೋಡಿದರು. ಆಮೇಲೆ ವಿಡಿಯೋ ಗೇಮು, ಸ್ಮಾರ್ಟ್‌ಫೋನುಗಳಿಗೆ ಇದು ಕೋಟಿಗಟ್ಟಲೆ ಬೇಕಾಯಿತು, ಬೆಲೆ ಇಳಿಯಿತು. 2018ರಲ್ಲಿ ಆಪಲ್ ವಾಚಿನ ನಾಲ್ಕನೇ ಸರಣಿಯಲ್ಲಿ ಬಿದ್ದಿದ್ದನ್ನು ಗುರುತಿಸುವ ಸೌಲಭ್ಯ ಬಂದಾಗ ಜನಸಾಮಾನ್ಯರಿಗೂ ಇದು ಗೊತ್ತಾಯಿತು.

ಲೆಕ್ಕ ಸರಳ. ಬೀಳುವಾಗ ದೇಹದ ಜೊತೆ ಸೆನ್ಸರೂ ಕೆಳಗೆ ಹೋಗುವುದರಿಂದ ಅದಕ್ಕೆ ತನ್ನ ತೂಕ ಕಡಿಮೆಯಾದಂತೆ ಕಾಣುತ್ತದೆ. ನೆಲಕ್ಕೆ ಬಡಿದಾಗ ಒಮ್ಮೆಲೇ ದೊಡ್ಡ ಏರಿಕೆ. ಆಮೇಲೆ ಅಲುಗಾಟವಿಲ್ಲ. ಈ ಮೂರೂ ಸಾಲಾಗಿ ಬಂದರೆ ಬಿದ್ದಿದ್ದಾರೆ ಅಂತ. ಆದರೆ ಆರಾಮ ಕುರ್ಚಿಯಲ್ಲಿ ದೊಪ್ಪನೆ ಕೂತರೂ ಸುಮಾರು ಹೀಗೇ ಕಾಣುತ್ತದೆ. ಗೋಡೆ ಹಿಡಿದುಕೊಂಡು ನಿಧಾನಕ್ಕೆ ಕುಸಿದರೆ ಕಾಣುವುದೇ ಇಲ್ಲ. ಹದ್ದು ಮೀರಿ ಸೂಕ್ಷ್ಮ ಮಾಡಿದರೆ ಸುಳ್ಳು ಕರೆಗಳು, ಕಡಿಮೆ ಮಾಡಿದರೆ ನಿಜವಾದದ್ದೇ ತಪ್ಪಿಹೋಗುತ್ತದೆ.

ಈಗ ಸೊಂಟಕ್ಕೆ ಕಟ್ಟುವ ಏರ್‌ಬ್ಯಾಗೂ ಬಂದಿದೆ, ಫ್ರಾನ್ಸಿನ ಹೆಲೈಟ್ ಕಂಪನಿಯ ಬೆಲ್ಟಿನಂತೆ. ತೊಂಬತ್ತು ಸೆಂಟಿಮೀಟರ್ ಎತ್ತರದಿಂದ ಒಂದು ವಸ್ತು ನೆಲ ಮುಟ್ಟಲು ಬೇಕಾಗುವುದು 0.43 ಸೆಕೆಂಡ್. ಮನುಷ್ಯ ಬೀಳುವಾಗ ಇನ್ನು ಸ್ವಲ್ಪ ಹೆಚ್ಚು ಸಿಗಬಹುದು. ಅಷ್ಟರಲ್ಲಿ ಪತ್ತೆ ಹಚ್ಚಿ, ಗಾಳಿ ತುಂಬಿ ಮುಗಿದಿರಬೇಕು. ಕಾರಿನ ಏರ್‌ಬ್ಯಾಗಿಗೆ ಹುಟ್ಟಿದ ಸೆನ್ಸರು ಫೋನು, ವಾಚು ಎಲ್ಲ ಸುತ್ತಿ ಮತ್ತೆ ಏರ್‌ಬ್ಯಾಗಿಗೇ ಬಂತು ನೋಡಿ :) ಆದರೆ ಆ ಬೆಲ್ಟನ್ನೂ ಯಾರಾದರೂ ಕಟ್ಟಿಕೊಂಡಿರಬೇಕಲ್ಲ, ಮಧ್ಯರಾತ್ರಿ ಮೂರು ಗಂಟೆಗೆ?

ಕೇಂಬ್ರಿಡ್ಜಿನಲ್ಲಿ ತೊಂಬತ್ತು ದಾಟಿದವರನ್ನು ಒಂದು ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಬಂತು. ಬಿದ್ದ 66 ಜನರಲ್ಲಿ 53 ಜನಕ್ಕೆ ಒಮ್ಮೆಯಾದರೂ ತಾವಾಗಿ ಏಳಲಾಗಲಿಲ್ಲ. 20 ಜನ ಗಂಟೆಗಿಂತ ಹೆಚ್ಚು ನೆಲದ ಮೇಲಿದ್ದರು. ಅಲ್ಲಿ ತುರ್ತು ಗುಂಡಿಗಳಿಗೆ ಕೊರತೆ ಇರಲಿಲ್ಲ. ಆದರೂ ಹಾಗೆ ಬಿದ್ದೇ ಇದ್ದ ಹೆಚ್ಚಿನ ಸಂದರ್ಭಗಳಲ್ಲಿ ಯಾರೂ ಅದನ್ನು ಬಳಸಿರಲಿಲ್ಲ.

*

ಇದನ್ನು ಓದುವ ಹೊತ್ತಿಗೆ ನನಗೆ ಅಪ್ಪನ ಮಾತು ಅರ್ಥವಾಗಿತ್ತು. ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸುವಾಗ ಕೇಳಿದ್ದೆ, "ಅಮ್ಮನನ್ನು ಯಾಕೆ ಕೂಗಲಿಲ್ಲ?" ಮಳೆ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಅಂದುಕೊಂಡಿದ್ದೆ. ಅಪ್ಪ ಹೇಳಿದ್ದು ಬೇರೆ. "ಎರಡು ಸಲ ಕೂಗಿದೆ. ಆಮೇಲೆ ಬೆಳಗಾಗುತ್ತಲ್ಲ, ಅವಳ ನಿದ್ದೆ ಯಾಕೆ ಕೆಡಿಸೋದು ಅನ್ನಿಸ್ತು ಮಾರಾಯ."

ಡಾಕ್ಟರು ಕೋಲು ಹಿಡಿದು ನಡೆಯಿರಿ ಅಂದರೆ ಇವರು ಬಿಸಿಲಲ್ಲೂ ಉದ್ದ ಹಿಡಿಯ ಕೊಡೆ ಹಿಡಿದು ಓಡಾಡುತ್ತಾರೆ. ಕೋಲು ಹಿಡಿದರೆ ಮುದುಕ, ಕೊಡೆ ಹಿಡಿದರೆ ಮೇಷ್ಟ್ರು! ಎಡಗೈಗೆ ನಲವತ್ತು ವರ್ಷದಿಂದ ಎಚ್‌ಎಂಟಿ ಜನತಾ. "ಇದಕ್ಕೆ ದಿನಾ ಒಂದು ಸಲ ಕೀ ಕೊಟ್ಟರೆ ಸಾಕು, ನಿನ್ನ ವಾಚಿನ ಹಾಗೆ ಕರೆಂಟು ಕುಡಿಯೋದಿಲ್ಲ" ಅಂತ ಅವರು ಮೊದಲ ದಿನವೇ ಹೇಳಿದ್ದರು. ಬಗ್ ರಿಪೋರ್ಟ್ ಮೊದಲೇ ಸಿಕ್ಕಿತ್ತು, ಓದಿದವನು ಯಾರು?

ಈಗ ಸ್ವಲ್ಪ ಬದಲಾಯಿಸಿದ್ದೇವೆ. ಅಪ್ಪ ತಿಂಡಿ ತಿಂದು ಪೇಪರ್ ಓದುತ್ತಾ ಒಂದು ಗಂಟೆ ಜಗುಲಿ ಬಿಟ್ಟು ಏಳುವುದಿಲ್ಲ, ಅಮ್ಮ ಅಲ್ಲೇ ಓಡಾಡುತ್ತಿರುತ್ತಾರೆ. ಚಾರ್ಜ್ ಆಗುವುದು ಆವಾಗ ಮಾತ್ರ. ರಾತ್ರಿ ಬಲಗೈಯಲ್ಲಿ ವಾಚು ಇರಲೇಬೇಕು. ಪರೀಕ್ಷಿಸಿದಾಗ ಇನ್ನೊಂದು ಗೊತ್ತಾಯಿತು. ಫೋನು ನಡುಮನೆಯಲ್ಲಿದ್ದರೆ ಮಣ್ಣಿನ ದಪ್ಪ ಗೋಡೆ ದಾಟಿ ಬಚ್ಚಲಿನವರೆಗೆ ಬ್ಲೂಟೂತ್ ಸಿಗುವುದೇ ಇಲ್ಲ! ಅವತ್ತು ವಾಚು ಕೈಯಲ್ಲಿದ್ದಿದ್ದರೂ ಕರೆ ಹೋಗುತ್ತಿರಲಿಲ್ಲ. ಈಗ ರಾತ್ರಿ ಫೋನು ಅಡುಗೆಮನೆ ಕಿಟಕಿಯಲ್ಲಿರುತ್ತದೆ.

ಇದೆಲ್ಲಕ್ಕಿಂತ ಮೊದಲು ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದೆವು, ಮೆಟ್ಟಿಲಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಇಟ್ಟೆವು. ನಮ್ಮ ಕಡೆ ಮಳೆಗಾಲದಲ್ಲಿ ಅಂಗಳದ ಪಾಚಿಗೆ ಕಾಲು ಜಾರದಿರಲಿ ಅಂತ ಅಡಿಕೆ ದಬ್ಬೆ ಹಾಸುತ್ತಾರಲ್ಲ, ಅದನ್ನು ಯಾರೂ ನೆನಪಿಟ್ಟು ಹಾಕಿಕೊಳ್ಳಬೇಕಿಲ್ಲ, ಚಾರ್ಜೂ ಬೇಡ. ಮೈಮೇಲಿನ ಸಾಧನ ಅದರ ನಂತರದ್ದು.

ಹೋದ ವಾರ ಮೀಟಿಂಗಿನಲ್ಲಿದ್ದಾಗ ನನ್ನ ಫೋನಿಗೆ ಆ ಎಚ್ಚರಿಕೆ ಬಂತು. ಎದೆ ಝಲ್ ಅಂದು ಹೊರಗೆ ಓಡಿದೆ. ಅಪ್ಪ ಎತ್ತಿಕೊಂಡರು. "ಬಿದ್ದಿಲ್ಲ ಮಾರಾಯ, ಕುರ್ಚಿಯಲ್ಲಿ ಕೂತೆ ಅಷ್ಟೇ. ಕೆಲಸದ ಹೊತ್ತಲ್ಲಿ ನಿನಗೆ ತೊಂದರೆ ಆಯ್ತು, ಇದನ್ನು ಬಿಚ್ಚಿಡ್ಲಾ?"

"ಬೇಡ ಅಪ್ಪ, ದಿನಾ ಹತ್ತು ಸಲ ಹೀಗೇ ಬಂದರೂ ಪರವಾಗಿಲ್ಲ, ಕೈಯಲ್ಲೇ ಇರಲಿ" ಅಂದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ವಾಚೋ ಗುಂಡಿಯೋ ಇದ್ದರೆ, ರಾತ್ರಿ ಮೂರು ಗಂಟೆಗೆ ಅದು ಎಲ್ಲಿರುತ್ತೆ ಅಂತ ಇವತ್ತೇ ಒಂದು ಫೋನ್ ಮಾಡಿ ಕೇಳಿ.