ಪುರಾತತ್ತ್ವದಲ್ಲಿ ವೈಮಾನಿಕ ಛಾಯಾಚಿತ್ರಣ

ನೆಲದ ಮೇಲೆ ನಿಂತವರಿಗೆ ಕಾಣದ, ಕಂಡರೂ ಚದುರಿದ ದಿಬ್ಬ ತಗ್ಗುಗಳಾಗಿ ಮಾತ್ರ ತೋರುವ ಪ್ರಾಚೀನ ನೆಲೆಗಳನ್ನು ಎತ್ತರದಿಂದ ತೆಗೆದ ಚಿತ್ರಗಳ ನೆರವಿನಿಂದ ಗುರುತಿಸಿ ಅಭ್ಯಸಿಸುವ ವಿಧಾನ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಶಿಲಾವೃತ್ತವನ್ನು 1906ರಲ್ಲಿ ಸೇನಾಧಿಕಾರಿ ಫಿಲಿಪ್ ಹೆನ್ರಿ ಶಾರ್ಪ್ ಸೈನ್ಯದ ಬಲೂನಿನಿಂದ ಚಿತ್ರಿಸಿದ್ದು ಇದರ ಆರಂಭದ ಪ್ರಯತ್ನಗಳಲ್ಲೊಂದು. ಆದರೂ ಇದನ್ನು ಶಾಸ್ತ್ರವಾಗಿಸಿದ್ದು ಮೊದಲನೆಯ ಮಹಾಯುದ್ಧವೆನ್ನಬೇಕು. ಶತ್ರುವಿನ ಕಂದಕಗಳನ್ನು ಚಿತ್ರದಲ್ಲಿ ಓದಲು ಕಲಿತ ಕಣ್ಣುಗಳೇ ಮುಂದೆ ಸಾವಿರಾರು ವರ್ಷ ಹಿಂದಿನ ಕಂದಕಗಳತ್ತ ತಿರುಗಿದವು.

ಆ ಯುದ್ಧದಲ್ಲಿ ವಿಮಾನದ ವೀಕ್ಷಕರಾಗಿದ್ದ ಓ. ಜಿ. ಎಸ್. ಕ್ರಾಫರ್ಡ್ 1920ರಲ್ಲಿ ಬ್ರಿಟನ್ನಿನ ಭೂಮಾಪನ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಮೊದಲ ಪುರಾತತ್ತ್ವಾಧಿಕಾರಿಯಾದರು. ವಾಯುಪಡೆಯ ಹಳೆಯ ಚಿತ್ರಗಳಲ್ಲಿ ಸ್ಟೋನ್‌ಹೆಂಜ್‌ಗೆ ಹೋಗುವ ಪ್ರಾಚೀನ ಮಾರ್ಗದ ಕಣ್ಮರೆಯಾಗಿದ್ದ ಭಾಗವನ್ನು ಗುರುತಿಸಿ, 1923ರಲ್ಲಿ ಅಗೆಸಿ ಖಚಿತಪಡಿಸಿಕೊಂಡರು. ಅಲೆಕ್ಸಾಂಡರ್ ಕೀಲರ್ ಜೊತೆಗೂಡಿ 1924ರಲ್ಲಿ ನಡೆಸಿದ ಹಾರಾಟಗಳ ಫಲ 1928ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು.

ಹುಗಿದುಹೋದದ್ದು ಕಾಣಿಸಿಕೊಳ್ಳುವುದಕ್ಕೆ ಮುಖ್ಯ ಕಾರಣ ಬೆಳೆಯೇ. ಹೂಳು ತುಂಬಿದ ಹಳೆಯ ಕಂದಕದಲ್ಲಿ ಮಣ್ಣಿನ ಪದರ ಆಳವಾಗಿದ್ದು ತೇವ ಹೆಚ್ಚು ದಿನ ನಿಲ್ಲುವುದರಿಂದ ಅದರ ಮೇಲಿನ ಪೈರು ಎತ್ತರವಾಗಿ, ದಟ್ಟ ಹಸುರಾಗಿ ಬೆಳೆಯುತ್ತದೆ. ಕಲ್ಲಿನ ಅಡಿಪಾಯವಿದ್ದೆಡೆ ಬೇರು ಇಳಿಯದೆ ಪೈರು ಗಿಡ್ಡವಾಗಿ ಬೇಗ ಹಳದಿಗೆ ತಿರುಗುತ್ತದೆ. ಇವನ್ನು ಪೈರಿನ ಗುರುತುಗಳೆನ್ನುತ್ತಾರೆ. ಉತ್ತ ಹೊಲದಲ್ಲಿ ಬಣ್ಣದ ವ್ಯತ್ಯಾಸದಿಂದ ತೋರುವವು ಮಣ್ಣಿನ ಗುರುತುಗಳು, ಇಳಿಬಿಸಿಲಿನಲ್ಲಿ ತಗ್ಗು ದಿಬ್ಬಗಳನ್ನು ಎತ್ತಿ ತೋರಿಸುವವು ನೆರಳಿನ ಗುರುತುಗಳು. ಹೀಗಾಗಿ ಕ್ಯಾಮೆರಾಕ್ಕಿಂತ ಋತುವೇ ಇಲ್ಲಿ ನಿರ್ಣಾಯಕ: ಐರ್ಲೆಂಡಿನ ನ್ಯೂಗ್ರೇಂಜ್ ಬಳಿಯ ಬೃಹತ್ ವೃತ್ತಾಕಾರದ ನೆಲೆಯೊಂದು ಡ್ರೋನ್‌ಗೆ ಕಂಡದ್ದು 2018ರ ತೀವ್ರ ಒಣಹವೆಯಲ್ಲಿ.

ಚಿತ್ರ ವಿನ್ಯಾಸವನ್ನು ಕೊಡುತ್ತದೆ, ಕಾಲವನ್ನಲ್ಲ. ಸ್ಟೋನ್‌ಹೆಂಜ್‌ಗೆ ಸಮೀಪದ ದಿಬ್ಬವೊಂದನ್ನು ಸವೆದ ಸಮಾಧಿಯೆಂದೇ ಭಾವಿಸಲಾಗಿತ್ತು. 1925ರಲ್ಲಿ ವಿಮಾನಚಾಲಕ ಗಿಲ್ಬರ್ಟ್ ಇನ್ಸಾಲ್ ಅಲ್ಲಿ ಕಪ್ಪು ಚುಕ್ಕೆಗಳ ವರ್ತುಲಗಳನ್ನು ಕಂಡರು. ಅವು ಮರದ ಕಂಬ ನೆಟ್ಟ ಕುಳಿಗಳೆಂದೂ ನವಶಿಲಾಯುಗಕ್ಕೆ ಸೇರಿದವೆಂದೂ ತಿಳಿದದ್ದು ಮಾಡ್ ಕನ್ನಿಂಗ್ಟನ್ ನಡೆಸಿದ ಉತ್ಖನನದಿಂದ. ಆ ನೆಲೆಯೇ ವುಡ್‌ಹೆಂಜ್.

ಒಣನಾಡುಗಳಲ್ಲಿ ಪೈರಿನ ನೆರವಿಲ್ಲದಿದ್ದರೂ ಇಳಿಬಿಸಿಲಿನ ನೆರಳು ಸಾಕು. ಪಾದ್ರಿ ಆಂತ್ವಾನ್ ಪ್ವಾದ್‌ಬಾರ್ 1925ರಿಂದ ಸಿರಿಯದ ಮರುಭೂಮಿಯ ಮೇಲೆ ಹಾರಿ ರೋಮನ್ ಗಡಿಯ ಕೋಟೆ, ರಸ್ತೆಗಳನ್ನು ದಾಖಲಿಸಿದರು. ಕಾಡು ಕವಿದ ಕಾಂಬೋಡಿಯದ ಅಂಕೋರ್‌ನಲ್ಲಿ 2012ರಲ್ಲಿ ಲೇಸರ್ ಕಿರಣದಿಂದ ನೆಲದ ಏರಿಳಿತ ಅಳೆಯುವ ಲೈಡಾರ್ ಬಳಕೆಯಾಯಿತು. ಅಮೆರಿಕದ ಕರೋನಾ ಬೇಹು ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಗೋಪ್ಯತೆಯಿಂದ ಮುಕ್ತವಾದ ಮೇಲೆ, ಅನಂತರದ ಅಣೆಕಟ್ಟು ಮತ್ತು ಬೇಸಾಯದಿಂದ ಅಳಿದುಹೋದ ಪಶ್ಚಿಮ ಏಷ್ಯದ ಅನೇಕ ನೆಲೆಗಳ ಅಧ್ಯಯನಕ್ಕೆ ಮುಖ್ಯ ಆಧಾರವಾಗಿವೆ.