ಸಿತಾರದ ಸ್ವತಂತ್ರವಾದನ: ಕ್ರಮವೂ ಚರಿತ್ರೆಯೂ

ಹಿಂದೂಸ್ಥಾನೀ ಸಂಗೀತದಲ್ಲಿ ಸಿತಾರವು ಪ್ರಧಾನವಾದ್ಯವಾಗಿ ನಿಂತಾಗ ಅದರ ವಾದನವು ನಿಯತವಾದ ಕ್ರಮದಲ್ಲಿ ಸಾಗುತ್ತದೆ. ಮೊದಲು ತಾಳರಹಿತವಾದ ಆಲಾಪ. ಅನಂತರ ಲಯದ ಮಿಡಿತವನ್ನು ತಳೆಯುವ ಜೋಡ್. ಚಿಕಾರಿ ತಂತಿಗಳ ಝೇಂಕಾರದಿಂದ ತುಂಬಿದ ಝಾಲಾ. ತರುವಾಯ ತಬಲದೊಡನೆ ವಿಲಂಬಿತ ಗತ್ ಮತ್ತು ದ್ರುತ ಗತ್. ಈ ಕ್ರಮವು ವಾದ್ಯದೊಡನೆಯೇ ಹುಟ್ಟಿತೆಂದು ಭಾವಿಸುವುದು ಸಹಜ. ಆದರೆ ಇದರ ಪೂರ್ವಾರ್ಧ ಉತ್ತರಾರ್ಧಗಳು ಭಿನ್ನ ಮೂಲಗಳಿಂದ ಬಂದು ಕೂಡಿಕೊಂಡವೆಂಬುದು ವಿಚಾರಮಾಡಿದರೆ ವಿಶದವಾಗುತ್ತದೆ.

ಸಿತಾರವನ್ನು ನಿರ್ಮಿಸಿದವನು ಅಮೀರ್ ಖುಸ್ರೋ (1253–1325) ಎಂಬ ಪ್ರತೀತಿಯು ಬಹುಕಾಲದಿಂದ ಬಳಕೆಯಲ್ಲಿದೆ. ಆತನ ಗ್ರಂಥಗಳಲ್ಲಿ ಅನೇಕ ವಾದ್ಯಗಳ ಹೆಸರುಗಳು ದೊರೆತರೂ ಸಿತಾರದ ಹೆಸರು ಕಾಣದು. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ದಿಲ್ಲಿಯನ್ನು ಕಂಡು ಬರೆದ ದರ್ಗಾಹ್ ಕುಲೀಖಾನನ ವೃತ್ತಾಂತದಲ್ಲಿಯಾದರೋ ಈ ವಾದ್ಯದ ಪ್ರಸ್ತಾಪವಿದೆ. ಖಯಾಲ್ ರಚನೆಗಳಿಗೆ ಹೆಸರಾದ ನಿಯಾಮತ್ ಖಾನ್ ಸದಾರಂಗನ ತಮ್ಮನಾದ ಖುಸ್ರೋಖಾನನೇ ಸಿತಾರವನ್ನು ಪ್ರಚಾರಕ್ಕೆ ತಂದವನೆಂದೂ, ಹೆಸರಿನ ಸಾಮ್ಯದಿಂದ ಆ ಕೀರ್ತಿಯು ನಾಲ್ಕುನೂರು ವರ್ಷ ಹಿಂದಿನ ಕವಿಗೆ ಸಂದಿತೆಂದೂ ವಿದ್ವಾಂಸರು ಊಹಿಸಿರುವುದು ಯುಕ್ತವಾಗಿದೆ. 'ಸೆಹ್‌ತಾರ್' ಎಂದರೆ ಪಾರಸಿಯಲ್ಲಿ ಮೂರು ತಂತಿಗಳುಳ್ಳದ್ದು. ತರಫ್ ತಂತಿಗಳು ಕೂಡಿದ್ದು ಆಮೇಲೆ.

ಸಿತಾರಕ್ಕೆ ಸ್ವಂತವಾದ ಸಾಹಿತ್ಯವೆಂದರೆ ಗತ್. ಗಾಯಕನ ಚೀಜಿಗೆ ಪದಗಳು ಆಧಾರವಾದಂತೆ ಗತ್ತಿಗೆ ಮಿಜರಾಬಿನ ಹೊಡೆತಗಳೇ ಆಧಾರ. ಒಳಹೊಡೆತವು 'ದಾ', ಹೊರಹೊಡೆತವು 'ರಾ'. ಇವೆರಡೂ ಶೀಘ್ರವಾಗಿ ಕೂಡಿದರೆ 'ದಿರ್'. ದಿಲ್ಲಿಯ ಮಸೀತ್‌ಖಾನನ ಹೆಸರಿನ ಮಸೀತ್‌ಖಾನೀ ಗತ್ತಿನಲ್ಲಿ 'ದಿರ್ ದಾ ದಿರ್ ದಾ ರಾ ದಾ ದಾ ರಾ' ಎಂಬ ಎಂಟು ಮಾತ್ರೆಗಳ ಸರಣಿಯು ಎರಡಾವರ್ತಿ ಬಂದು ತ್ರಿತಾಲದ ಹದಿನಾರು ಮಾತ್ರೆಗಳನ್ನು ತುಂಬುತ್ತದೆ. ಹನ್ನೆರಡನೆಯ ಮಾತ್ರೆಯಲ್ಲಿ ಎತ್ತಿಕೊಳ್ಳುವುದರಿಂದ ಆರನೆಯ ಬೋಲು ಸಮದ ಮೇಲೆ ಬೀಳುವುದು. ಲಖನೌ ಪಟ್ಟಣದಲ್ಲಿ ಗುಲಾಮ್ ರಜಾಖಾನನ ಹೆಸರಿನಿಂದ ದ್ರುತಲಯದ ರಜಾಖಾನೀ ಗತ್ ರೂಢಿಗೊಂಡಿತು.

ಆಲಾಪವಾದರೋ ಬೀನದ ಸ್ವತ್ತು. ಬೀನಕಾರ ಮನೆತನಗಳು ತಮ್ಮ ಮಕ್ಕಳಿಗೆ ಬೀನವನ್ನು ಕಾದಿಟ್ಟು, ಹೊರಗಿನ ಶಿಷ್ಯರಿಗೆ ಸಿತಾರವನ್ನು ಕಲಿಸುತ್ತಿದ್ದವೆಂದು ಸಂಪ್ರದಾಯಜ್ಞರ ಹೇಳಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಸುರಬಹಾರವು ಈ ಅಡ್ಡಿಗೆ ಒಂದು ಪರಿಹಾರ: ವಾದಕನು ಆ ಮಂದ್ರಗಂಭೀರ ವಾದ್ಯದಲ್ಲಿ ಆಲಾಪವನ್ನು ಮುಗಿಸಿ, ಅದನ್ನು ಕೆಳಗಿಟ್ಟು, ಗತ್ತಿಗಾಗಿ ಸಿತಾರವನ್ನು ಕೈಗೆತ್ತಿಕೊಳ್ಳುತ್ತಿದ್ದನು. ಇಮ್ದಾದ್ ಖಾನ್ (1848–1920) ಈ ಎರಡರಲ್ಲಿಯೂ ಪ್ರವೀಣರು. ಅವರ ವಂಶದಲ್ಲಿ ಮಗ ಇನಾಯತ್ ಖಾನ್, ಮೊಮ್ಮಗ ವಿಲಾಯತ್ ಖಾನ್ (1928–2004) ಇವರ ಕಾಲಕ್ಕೆ ಸಿತಾರವೇ ಆಲಾಪದ ಭಾರವನ್ನು ಹೊತ್ತಿತು. ಅತ್ತ ರಾಮಪುರದ ಬೀನಕಾರ ವಜೀರ್‌ಖಾನರಿಂದ ಕಲಿತ ಅಲ್ಲಾವುದ್ದೀನ್ ಖಾನರ ಮೂಲಕ ಬೀನದ ಪದ್ಧತಿಯು ರವಿಶಂಕರರಿಗೆ (1920–2012) ಬಂದಿತು; ಖರಜದ ತಂತಿಗಳನ್ನುಳ್ಳ ಅವರ ಸಿತಾರವು ಸುರಬಹಾರದ ಕಾರ್ಯವನ್ನೂ ನಿರ್ವಹಿಸಿತು. ಕರ್ನಾಟಕದಲ್ಲಿಯೂ ಇದೇ ದಾರಿ ಕಾಣುತ್ತದೆ: ಧಾರವಾಡದಲ್ಲಿ ನೆಲಸಿ ಸಿತಾರದ ಪರಂಪರೆಯನ್ನು ಬೆಳೆಸಿದ ರಹಿಮತ್ ಖಾನರು ಬೀನಕಾರ ಬಂದೇ ಅಲೀಖಾನರ ಶಿಷ್ಯರು.

ಆದುದರಿಂದ ಇಂದು ಒಂದೇ ವಾದ್ಯದಲ್ಲಿ ಅಖಂಡವೆಂಬಂತೆ ಕೇಳಿಬರುವ ವಾದನವು ಹಿಂದೆ ಎರಡು ವಾದ್ಯಗಳಲ್ಲಿ ಹಂಚಿಹೋಗಿದ್ದಿತು. ಝಾಲಾ ಮುಗಿದು ಗತ್ ಆರಂಭವಾಗುವ ಮುನ್ನ ಬರುವ ಅಲ್ಪ ವಿರಾಮವು, ವಾದಕನು ಹಿಂದೆ ವಾದ್ಯವನ್ನು ಬದಲಿಸುತ್ತಿದ್ದ ಎಡೆಯಲ್ಲಿಯೇ ಇಂದಿಗೂ ನಿಂತಿದೆ.