ಜು ಸಾನ್ ಲಿ

ಜು ಸಾನ್ ಲಿ ಚೀನಾದ ಸಾಂಪ್ರದಾಯಿಕ ವೈದ್ಯಪದ್ಧತಿಯಲ್ಲಿ ಕಾಲಿಗೆ ಸೇರಿದ ಸೂಜಿಬಿಂದು. ಜಠರದ ನಾಡಿಪಥದಲ್ಲಿರುವ 45 ಬಿಂದುಗಳ ಪೈಕಿ ಇದು 36ನೆಯದು. ಆದ್ದರಿಂದ ಇದರ ಅಂತರರಾಷ್ಟ್ರೀಯ ಸಂಕೇತ ಎಸ್‌ಟಿ 36. ಅಜೀರ್ಣ, ವಾಕರಿಕೆ, ಹೊಟ್ಟೆನೋವು, ಮೊಣಕಾಲು ನೋವು, ನಿಶ್ಶಕ್ತಿಗಳಿಗೆ ಅಕ್ಯುಪಂಕ್ಚರ್ ವೈದ್ಯರು ಇಲ್ಲಿ ಸೂಜಿ ಚುಚ್ಚುತ್ತಾರೆ.

ಮೊಣಕಾಲ ಚಿಪ್ಪಿನ ಕೆಳಗೆ ಹೊರಬದಿಯಲ್ಲಿ ಒಂದು ತಗ್ಗು ಕೈಗೆ ಸಿಗುತ್ತದೆ. ಅಲ್ಲಿಂದ ನಾಲ್ಕು ಬೆರಳು ಕೆಳಗೆ ಬಂದು, ಟಿಬಿಯಾ ಮೂಳೆಯ ಮುಂದಿನ ಅಂಚಿನಿಂದ ಒಂದು ಬೆರಳಗಲ ಹೊರಕ್ಕೆ ಸರಿದರೆ ಅದೇ ಜು ಸಾನ್ ಲಿ. ಪಾದವನ್ನು ಮೇಲೆತ್ತುವ ಸ್ನಾಯು ಇಲ್ಲಿದೆ.

ಜಪಾನಿನಲ್ಲಿ ಮಾಚಿಪತ್ರೆ ಜಾತಿಯ ಎಲೆಯ ಉಂಡೆ ಸುಟ್ಟು ಈ ಬಿಂದುವಿಗೆ ಕಾವು ಕೊಡುವ ರೂಢಿಯೂ ಇದೆ. ಕವಿ ಬಾಶೊ 1689ರ ತನ್ನ ದೀರ್ಘ ಪಯಣಕ್ಕೆ ಮುನ್ನ ಕಾಲಿಗೆ ಹೀಗೆ ಕಾವು ಕೊಟ್ಟುಕೊಂಡದ್ದನ್ನು ಬರೆದಿದ್ದಾನೆ.

ಅಕ್ಯುಪಂಕ್ಚರಿನ ಭಾರತದ ಕಥೆ ಗಡಿನಾಡಿನ ಸೊಲ್ಲಾಪುರವನ್ನು ಹಾದು ಬರುತ್ತದೆ. 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯ ತಂಡದ ಐವರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಒಬ್ಬರು. 1942ರಲ್ಲಿ ಅವರು ಚೀನಾದಲ್ಲೇ ತೀರಿಕೊಂಡರು. ಅದೇ ತಂಡದ ಡಾ. ಬಿಜಯಕುಮಾರ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, 1959ರಲ್ಲಿ ಅದನ್ನು ಕೋಲ್ಕತ್ತಕ್ಕೆ ತಂದರು.

ಬೀದರಿನ ಎನ್.ಕೆ. ಜಾಬಶೆಟ್ಟಿ ಆಯುರ್ವೇದ ಕಾಲೇಜಿನಂಥ ಕಡೆ ಓದುವವರಿಗೆ ಕಾಲಿನ ಇನ್ನೊಂದು ನಕ್ಷೆಯೂ ಪರಿಚಿತ: ಪ್ರಾಚೀನ ಶಸ್ತ್ರವೈದ್ಯ ಸುಶ್ರುತ ಹೇಳಿದ 107 ಮರ್ಮಗಳು, ಅಂದರೆ ಪೆಟ್ಟು ಬೀಳದಂತೆ ಕಾಯಬೇಕಾದ ಜಾಗಗಳು. ಮೀನಖಂಡದ ನಡುವಿನ ಇಂದ್ರಬಸ್ತಿ ಅವುಗಳಲ್ಲೊಂದು. ಅಲ್ಲಿ ಪೆಟ್ಟಾದರೆ ರಕ್ತಸ್ರಾವದಿಂದ ಸಾವು ಬರಬಹುದು ಎಂಬ ಕಾರಣಕ್ಕೆ ಶಸ್ತ್ರವೈದ್ಯ ಅದನ್ನು ಕಾಯಬೇಕು. ಜು ಸಾನ್ ಲಿ ಚುಚ್ಚುವ ಜಾಗ, ಇಂದ್ರಬಸ್ತಿ ಚುಚ್ಚದೆ ಕಾಪಾಡುವ ಜಾಗ. ಎರಡನ್ನೂ ಒಂದೇ ಎನ್ನುವುದು ತಪ್ಪು.

2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆ, ಇಲಿಗಳ ಜು ಸಾನ್ ಲಿ ಬಿಂದುವಿಗೆ ಹಗುರ ವಿದ್ಯುತ್ ಹಾಯಿಸಿದಾಗ ನರಗಳ ಮೂಲಕ ಅಡ್ರಿನಲ್ ಗ್ರಂಥಿ ಪ್ರಚೋದನೆಗೊಂಡು ಉರಿಯೂತ ತಗ್ಗುವುದನ್ನು ತೋರಿಸಿತು. ಮನುಷ್ಯರ ಎಲ್ಲ ಕಾಯಿಲೆಗಳಿಗೂ ಇದು ಮದ್ದು ಎನ್ನಲು ಆ ಒಂದು ಪುರಾವೆ ಸಾಲದು.

ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿದೆ. ಆದರೂ ತರಬೇತಿ ಪಡೆದವರ ಕೈಯಲ್ಲಿ, ಒಮ್ಮೆ ಬಳಸಿ ಎಸೆಯುವ ಸೂಜಿಯಿಂದ ಮಾತ್ರ ಇದನ್ನು ಮಾಡಿಸಿಕೊಳ್ಳಬೇಕು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಹೆಪಟೈಟಿಸ್ ಹರಡಬಲ್ಲದು. ಹೊಟ್ಟೆನೋವು ಬಿಡದೆ ಕಾಡಿದರೆ, ಮಲ ಕಪ್ಪಗಾದರೆ, ತೂಕ ಇಳಿದರೆ ಬೀದರ್, ಭಾಲ್ಕಿ, ಔರಾದ ಎಲ್ಲಿನವರೇ ಆಗಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ತಪಾಸಣೆ ಮಾಡಿಸಿಕೊಳ್ಳಿ.